ನಾಲ್ಕು ಅಳತೆ, ನಲವತ್ತು ವರ್ಷ: ಇರಾನಿನ ಕ್ಷಿಪಣಿಗಳು ಎಲ್ಲಿಂದ ಬಂದವು?

ಕ್ಷಿಪಣಿಯ ಮೂಲ ಹುಡುಕುವವರು ಮೈಮೇಲೆ ಬರೆದ ಹೆಸರನ್ನು ಬದಿಗಿಟ್ಟು ಮೊದಲು ವ್ಯಾಸವನ್ನು ಅಳೆಯುತ್ತಾರೆ. ಇರಾನಿನ ಸೇನಾ ಮೆರವಣಿಗೆಗಳಲ್ಲಿ ಶಹಾಬ್, ಕಿಯಾಮ್, ಗದ್ರ್, ಎಮಾದ್, ಖೊರ್ರಮ್‌ಶಹರ್, ಫತೇಹ್, ಜುಲ್ಫಿಕರ್, ಸಿಜ್ಜಿಲ್ ಎಂದು ಹತ್ತಾರು ಹೆಸರಿನ ಬ್ಯಾಲಿಸ್ಟಿಕ್ ಕ್ಷಿಪಣಿಗಳು ಸಾಗುತ್ತವೆ. ಟೇಪು ಹಿಡಿದು ನೋಡಿದರೆ ಈ ಸಾಲು ಹೆಚ್ಚುಕಡಿಮೆ ನಾಲ್ಕು ಅಳತೆಗೆ ಇಳಿಯುತ್ತದೆ. 88 ಸೆಂ.ಮೀ. ಸೋವಿಯತ್ ಸ್ಕಡ್‌ನದು. ಸುಮಾರು 125 ಸೆಂ.ಮೀ. ಉತ್ತರ ಕೊರಿಯಾದ ನೊಡಾಂಗ್‌ನದು. 150 ಸೆಂ.ಮೀ. ಸೋವಿಯತ್ ಜಲಾಂತರ್ಗಾಮಿಗಳಿಗೆಂದು ಮಾಡಿದ್ದ ಆರ್-27ರದು. ಉಳಿದ 61 ಸೆಂ.ಮೀ. ಬಹುಮಟ್ಟಿಗೆ ಇರಾನಿನೊಳಗೇ ಬೆಳೆದದ್ದು. ಅದರ ಕಥೆಯೇ ಇವತ್ತು ಎಲ್ಲಕ್ಕಿಂತ ಮುಖ್ಯ.

ಹೆಸರು ಬದಲಾದರೂ ವ್ಯಾಸ ಯಾಕೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ? ಲೋಹದ ತಗಡನ್ನು ಸುತ್ತಿ ಕೊಳವೆ ಮಾಡುವ ಯಂತ್ರ, ಬೆಸುಗೆ ಹಾಕುವಾಗ ಅದನ್ನು ಹಿಡಿದಿಡುವ ಚೌಕಟ್ಟು, ಟ್ಯಾಂಕಿನ ಗುಮ್ಮಟದಾಕಾರದ ಮುಚ್ಚಳ ಒತ್ತುವ ಅಚ್ಚು, ಎಂಜಿನ್ ಕೂರುವ ಬಳೆ, ಕ್ಷಿಪಣಿ ಮಲಗುವ ಲಾರಿಯ ತೊಟ್ಟಿಲು, ಎಲ್ಲವೂ ಒಂದೇ ವ್ಯಾಸಕ್ಕೆ ಕಟ್ಟುಬಿದ್ದಿರುತ್ತವೆ. ಉದ್ದ ಹೆಚ್ಚಿಸುವುದಾದರೆ ನಡುವೆ ಇನ್ನೊಂದು ಉಂಗುರ ಸೇರಿಸಿದರಾಯಿತು. ದಪ್ಪ ಹೆಚ್ಚಿಸಹೊರಟರೆ ಕಾರ್ಖಾನೆಯನ್ನೇ ಹೊಸದಾಗಿ ಹೂಡಬೇಕು. ಹಾಗಾಗಿ ತಂತ್ರಜ್ಞಾನವನ್ನು ಎರವಲು ಪಡೆದ ದೇಶ ಕ್ಷಿಪಣಿಯನ್ನು ಎಷ್ಟೇ ಸುಧಾರಿಸಿದರೂ ಮೂಲ ದೇಶದ ವ್ಯಾಸ ಹಾಗೇ ಉಳಿದುಬಿಡುತ್ತದೆ.

ಯುದ್ಧಕಾಲದ ಕಡ

ದೊರೆ ಶಾ ಆಳ್ವಿಕೆಯ ಇರಾನಿಗೆ ಕ್ಷಿಪಣಿಯ ತುರ್ತು ಇರಲಿಲ್ಲ. ಅಮೆರಿಕದ ಎಫ್-4, ಎಫ್-5, ಎಫ್-14 ವಿಮಾನಗಳಿದ್ದ ಅದರ ವಾಯುಪಡೆ ಆ ಭಾಗದಲ್ಲೇ ಬಲಿಷ್ಠವಾಗಿತ್ತು. ಆದರೂ 1977ರಲ್ಲಿ ಒಂದು ಪ್ರಯತ್ನ ಶುರುವಾಗಿತ್ತು. ನೆಲದಿಂದ ನೆಲಕ್ಕೆ ಹಾರುವ ಕ್ಷಿಪಣಿಯೊಂದನ್ನು ಜೊತೆಗೂಡಿ ಮಾಡಲು ಆಗ ಇರಾನ್ ಕೈಜೋಡಿಸಿದ್ದು ಇಸ್ರೇಲ್ ಜೊತೆ! ಇರಾನಿನ ಪಾಲಿನ ಹಣ ತೈಲದ ರೂಪದಲ್ಲಿ ಸಂದಾಯವಾಗಬೇಕಿತ್ತು. 1979ರ ಕ್ರಾಂತಿಯೊಂದಿಗೆ ಆ ಯೋಜನೆ ಮುಗಿಯಿತು, ಅಮೆರಿಕದ ಬಿಡಿಭಾಗಗಳೂ ನಿಂತವು. ಮರುವರ್ಷ ಇರಾಕ್ ಯುದ್ಧಕ್ಕಿಳಿದಾಗ ಇರಾನಿನ ವಿಮಾನಗಳು ಬಿಡಿಭಾಗವಿಲ್ಲದೆ ಒಂದೊಂದಾಗಿ ನೆಲ ಹಿಡಿಯತೊಡಗಿದವು. ಇರಾಕಿನ ಬಳಿ ಸೋವಿಯತ್ ಸ್ಕಡ್‌ಗಳಿದ್ದವು. ದೆಜ್‌ಫುಲ್‌ನಂಥ ಗಡಿ ಸಮೀಪದ ಊರುಗಳ ಮೇಲೆ ಅವು ಬೀಳುತ್ತಿದ್ದರೆ ತಿರುಗಿ ಹೊಡೆಯಲು ಇರಾನಿನ ಕೈಯಲ್ಲಿ ಅಂಥದ್ದೇನೂ ಇರಲಿಲ್ಲ.

1984ರಲ್ಲಿ ರೆವಲ್ಯೂಷನರಿ ಗಾರ್ಡ್ಸ್‌ನ ಸಣ್ಣ ತಂಡವೊಂದು ಸಿರಿಯಾಕ್ಕೆ ಹೋಯಿತು. ಮುಂದೆ ಇರಾನಿನ ಕ್ಷಿಪಣಿ ಕಾರ್ಯಕ್ರಮದ ಪಿತಾಮಹ ಎನಿಸಿಕೊಂಡ ಹಸನ್ ತೆಹರಾನಿ ಮೊಘದ್ದಮ್ ಈ ತಂಡದ ಮುಂದಾಳು. ಸಿರಿಯಾ ತರಬೇತಿ ಕೊಟ್ಟಿತು, ಕ್ಷಿಪಣಿ ಕೊಡಲಿಲ್ಲ. ಕೊಟ್ಟದ್ದು ಲಿಬಿಯಾದ ಗದ್ದಾಫಿ. 1985ರ ಮಾರ್ಚ್‌ನಲ್ಲಿ ಇರಾನಿನ ನೆಲದಿಂದ ಮೊದಲ ಸ್ಕಡ್-ಬಿ ಇರಾಕಿನ ಕಿರ್ಕುಕ್ ಕಡೆಗೆ ಹಾರಿತು, ಎರಡೇ ದಿನದಲ್ಲಿ ಬಾಗ್ದಾದ್ ಮೇಲೂ ಬಿತ್ತು. ಉಡಾವಣೆಗೆ ಲಿಬಿಯಾದ ಸಿಬ್ಬಂದಿಯೇ ಬಂದಿದ್ದರು. ಭೂಗೋಳ ಇಲ್ಲಿ ಇರಾನಿನ ಪರವಾಗಿತ್ತು. ಬಾಗ್ದಾದ್ ಗಡಿಯಿಂದ 150 ಕಿ.ಮೀ. ಆಸುಪಾಸು, ಟೆಹರಾನ್ ಗಡಿಯಿಂದ 500 ಕಿ.ಮೀ.ಗೂ ಆಚೆ. 300 ಕಿ.ಮೀ. ಹಾರುವ ಅದೇ ಸ್ಕಡ್‌ನಿಂದ ಇರಾನ್ ಶತ್ರುವಿನ ರಾಜಧಾನಿಯನ್ನು ಮುಟ್ಟಬಹುದಿತ್ತು, ಇರಾಕಿಗೆ ಅದು ಸಾಧ್ಯವಿರಲಿಲ್ಲ.

ಆ ಅಂತರ ತುಂಬಲು ಇರಾಕ್ ಮಾಡಿದ ಕೆಲಸ ಒರಟಾಗಿತ್ತು, ಆದರೆ ಇರಾನಿಗೆ ಅದು ಪಾಠವಾಯಿತು. ಒಂದು ಸ್ಕಡ್‌ನ ಟ್ಯಾಂಕ್ ಕತ್ತರಿಸಿ ಇನ್ನೊಂದಕ್ಕೆ ಬೆಸೆದು ಉದ್ದ ಮಾಡಿದರು, ಒಂದು ಟನ್ನಿನ ಸಿಡಿತಲೆಯನ್ನು ಸರಿಸುಮಾರು ಅರ್ಧಕ್ಕೆ ಇಳಿಸಿದರು. ಹೀಗೆ ಹುಟ್ಟಿದ ಅಲ್-ಹುಸೇನ್ 600 ಕಿ.ಮೀ. ದಾಟಿತು. 1988ರ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ‘ನಗರಗಳ ಯುದ್ಧ’ದಲ್ಲಿ ಇರಾಕ್ ಇಂಥ 180ಕ್ಕೂ ಹೆಚ್ಚು ಕ್ಷಿಪಣಿ ಹಾರಿಸಿತು. ಇರಾನ್ ಉತ್ತರವಾಗಿ ಹಾರಿಸಿದ್ದು 70ರಿಂದ 80. ಅವೂ ಲಿಬಿಯಾದವಲ್ಲ. 1987ರ ಒಪ್ಪಂದದಂತೆ ಉತ್ತರ ಕೊರಿಯಾ ಕೊಟ್ಟ, ಸ್ಕಡ್-ಬಿಯ ನಕಲಾದ ಸುಮಾರು ನೂರು ಹ್ವಾಸಾಂಗ್-5ಗಳಲ್ಲಿ ಖರ್ಚಾದವು ಅವು. ಇರಾನಿನಲ್ಲಿ ಅವುಗಳಿಗೆ ಶಹಾಬ್-1 ಎಂದು ಹೆಸರಿಟ್ಟರು. ಸಂಖ್ಯೆ ಕಡಿಮೆಯಿದ್ದವನು ಸೋಲುತ್ತಾನೆ, ಬೇರೆಯವರ ಕೃಪೆಯಲ್ಲಿ ಸಂಖ್ಯೆ ಹೆಚ್ಚುವುದಿಲ್ಲ ಎಂಬ ತೀರ್ಮಾನಕ್ಕೆ ಟೆಹರಾನ್ ಬಂದದ್ದು ಆ ವಸಂತದಲ್ಲೇ. ಮುಂದಿನದ್ದೆಲ್ಲ ಅದರ ಫಲ.

ಸ್ಕಡ್ ಹೇಗೆ ಕೆಲಸ ಮಾಡುತ್ತದೆಂದು ಸ್ವಲ್ಪ ನೋಡಬೇಕು, ಯಾಕೆಂದರೆ ಮುಂದಿನ ಸುಧಾರಣೆಗಳೆಲ್ಲ ಇದರ ದೌರ್ಬಲ್ಯಗಳಿಗೆ ಹಾಕಿದ ತೇಪೆ. ಸುಮಾರು ಆರು ಟನ್ ತೂಕದ ಕ್ಷಿಪಣಿಯಲ್ಲಿ ಒಂದು ಟ್ಯಾಂಕಿಗೆ ಸೀಮೆಎಣ್ಣೆ ಜಾತಿಯ ಇಂಧನ, ಇನ್ನೊಂದಕ್ಕೆ ನೈಟ್ರಿಕ್ ಆಮ್ಲ ಆಧಾರಿತ ಉತ್ಕರ್ಷಕ, ಅಂದರೆ ಇಂಧನ ಉರಿಯಲು ಆಮ್ಲಜನಕ ಒದಗಿಸುವ ವಸ್ತು. ಆಮ್ಲ ಟ್ಯಾಂಕನ್ನು ತಿನ್ನುತ್ತದೆ, ಹಾಗಾಗಿ ತುಂಬಿಸಿ ತಿಂಗಳುಗಟ್ಟಲೆ ಇಡುವಂತಿಲ್ಲ. ಉಡಾವಣೆಗೆ ಮುನ್ನ ತುಂಬಿಸಲು ಟ್ಯಾಂಕರ್, ಪಂಪು, ರಕ್ಷಾ ಉಡುಗೆ ತೊಟ್ಟ ಸಿಬ್ಬಂದಿ, ಇವೆಲ್ಲ ಸಾಲುಗಟ್ಟಿ ನಿಲ್ಲಬೇಕು. ಆಕಾಶದಿಂದ ನೋಡುವವನಿಗೆ ಆ ಸಾಲೇ ಗುರಿ. ಎಂಜಿನ್ ಉರಿಯುವುದು ಸುಮಾರು ಒಂದು ನಿಮಿಷ. ಆ ಒಂದು ನಿಮಿಷ ಮಾತ್ರ ಗೈರೋಸ್ಕೋಪ್‌ಗಳು ದಿಕ್ಕು ನೋಡಿಕೊಂಡು, ಬೆಂಕಿಯ ಬಾಲದೊಳಗೆ ಚಾಚಿದ ಗ್ರಾಫೈಟ್ ರೆಕ್ಕೆಗಳನ್ನು ತಿರುಗಿಸಿ, ಕ್ಷಿಪಣಿಯನ್ನು ದಾರಿಯಲ್ಲಿಡುತ್ತವೆ. ಎಂಜಿನ್ ಆರಿದ ಮೇಲೆ ಅದಕ್ಕೆ ಕಡಿವಾಣವಿಲ್ಲ. ಆರಿದ ಕ್ಷಣದ ವೇಗದಲ್ಲಿ, ಕೋನದಲ್ಲಿ ಎಳ್ಳಷ್ಟು ತಪ್ಪಿದ್ದರೂ 300 ಕಿ.ಮೀ. ಆಚೆ ಅರ್ಧ ಕಿ.ಮೀ.ಯಿಂದ ಒಂದು ಕಿ.ಮೀ.ವರೆಗೆ ಗುರಿ ತಪ್ಪುತ್ತದೆ. ಸೇತುವೆಗೆ ಹೊಡೆಯಲು ಇದು ಪ್ರಯೋಜನವಿಲ್ಲ, ಊರಿಗೆ ಹೊಡೆಯಲು ಸಾಕು.

ಇಸಾಯೆವ್‌ನ ಎಂಜಿನ್ ಸುತ್ತಿದ ದಾರಿ

ಉತ್ತರ ಕೊರಿಯಾಕ್ಕೆ ಸ್ಕಡ್ ಬಂದದ್ದು ಮಾಸ್ಕೋದಿಂದಲ್ಲ, ಈಜಿಪ್ಟಿನಿಂದ. 1970ರ ದಶಕದ ಕೊನೆಯ ಹೊತ್ತಿಗೆ ಕೈಗೆ ಬಂದ ಕೆಲವನ್ನು ಬಿಚ್ಚಿ ನೋಡಿ, 1984ರಲ್ಲಿ ತನ್ನದೇ ಪ್ರತಿಯನ್ನು ಅದು ಹಾರಿಸಿತು. ಇರಾನಿನ ಹಣ ಆ ಕಾರ್ಖಾನೆಗೆ ಬಲ ತುಂಬಿತು. 500 ಕಿ.ಮೀ. ಹಾರುವ ಹ್ವಾಸಾಂಗ್-6 ಬಂದಾಗ ಇರಾನ್ ಅದನ್ನೂ ಕೊಂಡು ಶಹಾಬ್-2 ಎಂದಿತು. ವ್ಯಾಸ ಅದೇ 88 ಸೆಂ.ಮೀ. ಈ ಹಂತದಲ್ಲಿ ಬಿಡಿಭಾಗಗಳಾಗಿ ತರಿಸಿ ಜೋಡಿಸುವ ಕೆಲಸವೂ ಇರಾನಿನೊಳಗೆ ಶುರುವಾಯಿತು. ಎಂಜಿನ್ ಹೊರಗಿನಿಂದ, ಟ್ಯಾಂಕ್ ಮತ್ತು ಹೊರಮೈ ಇಲ್ಲೇ ಎಂಬುದು ಇಂಥ ಎಲ್ಲ ದೇಶಗಳ ಮಾಮೂಲಿ ಕ್ರಮ. ಕೊನೆಗೆ ಕೈಗೆ ಬರುವುದು ಎಂಜಿನ್ ಮತ್ತು ಗೈರೋಸ್ಕೋಪ್.

ನೊಡಾಂಗ್ ಎಂಬುದು ಸ್ಕಡ್ಡನ್ನು ಎಲ್ಲ ದಿಕ್ಕಿಗೂ ಹಿಗ್ಗಿಸಿದ ರೂಪ. ಸುಮಾರು 16 ಟನ್ ತೂಕ, 1000 ಕಿ.ಮೀ. ಮೀರಿದ ದೂರ. ಎಂಜಿನ್ ಹಿಗ್ಗಿಸುವುದು ನಕ್ಷೆಯನ್ನು ದೊಡ್ಡದು ಮಾಡಿದಷ್ಟು ಸುಲಭವಲ್ಲ. ದಹನಕೋಣೆ ದೊಡ್ಡದಾದಂತೆ ಉರಿ ಅಲೆಅಲೆಯಾಗಿ ಬಡಿದು ಕೋಣೆಯನ್ನೇ ಒಡೆಯುವ ಅಪಾಯ ಹೆಚ್ಚುತ್ತದೆ. ಅದನ್ನು ಪಳಗಿಸಲು ನೂರಾರು ನೆಲಪರೀಕ್ಷೆ ಬೇಕು. ಉತ್ತರ ಕೊರಿಯಾ ಅಷ್ಟು ಪರೀಕ್ಷೆ ನಡೆಸಿದ ಕುರುಹು ಹೊರಗೆ ಕಂಡಿಲ್ಲ. ಹಾಗಾಗಿ ಸೋವಿಯತ್ ಕೈವಾಡದ ಅನುಮಾನ ಮೊದಲಿನಿಂದಲೂ ಇದೆ. ಅನುಮಾನಕ್ಕೆ ಆಧಾರವೂ ಉಂಟು: ಸೋವಿಯತ್ ಒಕ್ಕೂಟ ಕುಸಿದ ಮರುವರ್ಷ, 1992ರಲ್ಲಿ, ಸ್ಕಡ್ ರೂಪಿಸಿದ್ದ ಮಕೆಯೆವ್ ಸಂಸ್ಥೆಯ ಹತ್ತಾರು ತಜ್ಞರನ್ನು ಉತ್ತರ ಕೊರಿಯಾಕ್ಕೆ ಹೊರಟಿದ್ದಾಗ ಮಾಸ್ಕೋದ ವಿಮಾನ ನಿಲ್ದಾಣದಲ್ಲೇ ರಷ್ಯಾ ತಡೆಯಿತು. ಅದಕ್ಕೂ ಮೊದಲು ಎಷ್ಟು ಮಂದಿ ದಾಟಿದ್ದರು ಎಂಬ ಪ್ರಶ್ನೆಯನ್ನು ತಜ್ಞರು ಇಂದಿಗೂ ಚರ್ಚಿಸುತ್ತಾರೆ.

1998 ನಮಗೂ ನೆನಪಿರುವ ವರ್ಷ. ಏಪ್ರಿಲ್ 6ರಂದು ಪಾಕಿಸ್ತಾನ ಘೌರಿಯನ್ನು ಹಾರಿಸಿತು, ಜುಲೈ 22ರಂದು ಇರಾನ್ ಶಹಾಬ್-3ನ್ನು. ಎರಡೂ ನೊಡಾಂಗ್‌ಗೆ ಬಣ್ಣ ಬಳಿದವು, ಅಂದರೆ ಒಂದೇ ತಾಯಿಯ ಮಕ್ಕಳು. ಶಹಾಬ್-3ರ ಆ ಮೊದಲ ಹಾರಾಟ ಎರಡು ನಿಮಿಷ ತುಂಬುವ ಮೊದಲೇ ಆಕಾಶದಲ್ಲಿ ಸ್ಫೋಟಗೊಂಡಿತು. ಸೇನೆಗೆ ಅದು ಸೇರಿದ್ದು 2003ರಲ್ಲಿ. ಕ್ಷಿಪಣಿ ಮಾರುವವರು ಏನೇನು ಸಾಗಿಸುತ್ತಾರೆ ಎಂಬುದಕ್ಕೆ ಮರುವರ್ಷ ನಮ್ಮ ಬಂದರಿನಲ್ಲೇ ಸಾಕ್ಷಿ ಸಿಕ್ಕಿತು. 1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗ, ಗುಜರಾತಿನ ಕಾಂಡ್ಲಾಕ್ಕೆ ಬಂದ ಉತ್ತರ ಕೊರಿಯಾದ ‘ಕು ವೊಲ್ ಸಾನ್’ ಹಡಗನ್ನು ಕಸ್ಟಮ್ಸ್ ಅಧಿಕಾರಿಗಳು ತಪಾಸಣೆ ಮಾಡಿದರು. ಕಾಗದದ ಮೇಲೆ ನೀರು ಶುದ್ಧೀಕರಣ ಉಪಕರಣ, ಪೆಟ್ಟಿಗೆಗಳಲ್ಲಿ ಸ್ಕಡ್ ಜಾತಿಯ ಕ್ಷಿಪಣಿ ಮಾಡಲು ಬೇಕಾದ ಯಂತ್ರ, ಬಿಡಿಭಾಗ ಮತ್ತು ನಕ್ಷೆಗಳು. ಇಡೀ ಕ್ಷಿಪಣಿ ಒಂದೂ ಇರಲಿಲ್ಲ. ಇದ್ದದ್ದು ಕಾರ್ಖಾನೆ. ಕ್ಷಿಪಣಿ ಕೊಂಡವನು ಮತ್ತೆ ಕೊಳ್ಳಲು ಬರುತ್ತಾನೆ, ಕಾರ್ಖಾನೆ ಕೊಂಡವನು ಮುಂದೊಂದು ದಿನ ಪೈಪೋಟಿಗೆ ನಿಲ್ಲುತ್ತಾನೆ. ಆದರೂ ಹಣದ ಮುಗ್ಗಟ್ಟಿನಲ್ಲಿದ್ದ ಪ್ಯಾಂಗ್‌ಯಾಂಗ್ ಎರಡನ್ನೂ ಮಾರಿತು.

ಶಹಾಬ್-3 ಕೈಗೆ ಬಂದ ಮೇಲೆ ಇರಾನಿನ ಎಂಜಿನಿಯರುಗಳು ಮಾಡಿದ ಕೆಲಸವನ್ನು ನಕಲು ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. 2004ರ ಹೊತ್ತಿಗೆ ಕಾಣಿಸಿಕೊಂಡ ಗದ್ರ್‌ನಲ್ಲಿ ಎಂಜಿನ್ ಹಳೆಯದೇ, ವ್ಯಾಸವೂ ಹಳೆಯದೇ. ಹೊರಮೈಯ ಉಕ್ಕು ಹೋಗಿ ಅಲ್ಯೂಮಿನಿಯಂ ಬಂತು, ಟ್ಯಾಂಕುಗಳು ಉದ್ದವಾದವು, ಶಂಕುವಿನಂತಿದ್ದ ಮೂತಿ ಮಗುವಿನ ಹಾಲಿನ ಬಾಟಲಿಯ ಆಕಾರಕ್ಕೆ ತಿರುಗಿತು. ಎಂಜಿನ್ ಆರಿದಾಗ ಉಳಿಯುವ ಖಾಲಿ ತೂಕದ ಮೇಲೆ ಕ್ಷಿಪಣಿಯ ದೂರ ನಿಂತಿದೆ. ಆ ಖಾಲಿ ತೂಕದಿಂದ ಕಿತ್ತ ಪ್ರತಿ ಕಿಲೋ ಅಂತಿಮ ವೇಗಕ್ಕೆ ಸೇರುತ್ತದೆ. 1300 ಕಿ.ಮೀ. ಇದ್ದದ್ದು 1600 ಮುಟ್ಟಿತು. ಈ 300 ಕಿ.ಮೀ. ಬೆಲೆಬಾಳುವಂಥದ್ದು. ಇಸ್ರೇಲ್ ಇರಾನಿನ ಪಶ್ಚಿಮ ಅಂಚಿನಿಂದ ಸುಮಾರು 1000 ಕಿ.ಮೀ. ದೂರದಲ್ಲಿದೆ, ಹಾಗಾಗಿ 1300 ಕಿ.ಮೀ.ಯ ಕ್ಷಿಪಣಿಯನ್ನು ಗಡಿಯ ಹತ್ತಿರವೇ ಇಡಬೇಕು. 1600 ಆದರೆ ದೇಶದ ಒಳನಾಡಿನ ಬೆಟ್ಟಗಳಲ್ಲಿ ಅಡಗಿಸಬಹುದು. 2015ರ ಅಕ್ಟೋಬರ್‌ನಲ್ಲಿ ಹಾರಿದ ಎಮಾದ್‌ನಲ್ಲಿ ಸಿಡಿತಲೆಗೇ ರೆಕ್ಕೆ ಬಂದವು. ಎಂಜಿನ್ ಆರಿದ ಮೇಲೂ, ವಾಯುಮಂಡಲಕ್ಕೆ ಮರಳುವಾಗ, ದಿಕ್ಕು ತಿದ್ದಿಕೊಳ್ಳುವುದು ಅದರ ಉದ್ದೇಶ.

150 ಸೆಂ.ಮೀ.ಯ ಖೊರ್ರಮ್‌ಶಹರ್ ಬೇರೆಯೇ ಕವಲು. ಇದರ ಹಿಂದೆ ಇರುವುದು ಸೋವಿಯತ್ ಆರ್-27, ನಡುವೆ ಉತ್ತರ ಕೊರಿಯಾದ ಹ್ವಾಸಾಂಗ್-10. ಜಲಾಂತರ್ಗಾಮಿಯೊಳಗೆ ಜಾಗ ಉಳಿಸಲು ಆರ್-27ರ ಎಂಜಿನ್ನನ್ನು ಇಂಧನ ಟ್ಯಾಂಕಿನೊಳಗೇ ಮುಳುಗಿಸಿ ಕೂರಿಸಿದ್ದರು. ಇಂಧನವೂ ಸ್ಕಡ್‌ನದಕ್ಕಿಂತ ಶಕ್ತಿಯುತ. ಇಂಥದ್ದನ್ನು ಇನ್ನೊಬ್ಬರು ಮಾಡಹೊರಟರೆ ಏನಾಗುತ್ತದೆಂಬುದನ್ನು 2016ರಲ್ಲಿ ಉತ್ತರ ಕೊರಿಯಾ ತೋರಿಸಿತು: ಹ್ವಾಸಾಂಗ್-10ರ ಸಾಲು ಸಾಲು ಪರೀಕ್ಷೆಗಳಲ್ಲಿ ಸರಿಯಾಗಿ ಹಾರಿದ್ದು ಒಂದೇ. ಇರಾನ್ 2017ರಲ್ಲಿ ತನ್ನ ಆವೃತ್ತಿಯನ್ನು ಪ್ರದರ್ಶಿಸಿತು. ದೂರವನ್ನು 2000 ಕಿ.ಮೀ.ಗೆ ಮಿತಿಗೊಳಿಸಿ, ಉಳಿದ ಶಕ್ತಿಯನ್ನು ಒಂದೂವರೆ ಟನ್ ಮೀರುವ ಸಿಡಿತಲೆಗೆ ಕೊಟ್ಟಿದ್ದೇವೆ ಎಂಬುದು ಅದರ ಹೇಳಿಕೆ.

ಇಷ್ಟೆಲ್ಲ ಕವಲುಗಳ ಹಿಂದೆ ಒಬ್ಬನೇ ವ್ಯಕ್ತಿಯ ಕೈ ಕಾಣುತ್ತದೆ. ಸ್ಕಡ್‌ನ ಎಂಜಿನ್, ಆರ್-27ರ ಎಂಜಿನ್, ಎಸ್-75 ವಿಮಾನಭೇದಿ ಕ್ಷಿಪಣಿಯ ದ್ರವ ಇಂಧನ ಎಂಜಿನ್, ಮೂರೂ ಸೋವಿಯತ್ ವಿನ್ಯಾಸಕ ಅಲೆಕ್ಸಿ ಇಸಾಯೆವ್‌ನ ಸಂಸ್ಥೆಯಿಂದ ಬಂದವು. 1971ರಲ್ಲಿ ತೀರಿಕೊಂಡ ಈತ ಇರಾನನ್ನು ಮನಸ್ಸಿನಲ್ಲಿಟ್ಟುಕೊಂಡು ಏನನ್ನೂ ಮಾಡಿದವನಲ್ಲ. ನಾವೂ ಈ ಋಣದಿಂದ ಹೊರಗಿಲ್ಲ. ನಮ್ಮ ಪೃಥ್ವಿಯ ಎಂಜಿನ್ ಬಂದದ್ದು 1970ರ ದಶಕದಲ್ಲಿ ಹೈದರಾಬಾದಿನಲ್ಲಿ ಬಿಚ್ಚಿ ಕಲಿತ ಅದೇ ಎಸ್-75ರಿಂದ. ಚೀನಾ ಅದೇ ಎಸ್-75ರ ತನ್ನ ನಕಲನ್ನು ನೆಲದಿಂದ ನೆಲಕ್ಕೆ ಹೊಡೆಯುವಂತೆ ತಿರುಗಿಸಿ ಇರಾನಿಗೆ ಮಾರಿತು, ಅಲ್ಲಿ ಅದರ ಹೆಸರು ತೊಂದರ್-69. ಇನ್ನೂ ಹಿಂದೆ ಹೋದರೆ ಅಮೆರಿಕ, ರಷ್ಯಾ ಇಬ್ಬರೂ ಶುರು ಮಾಡಿದ್ದು ಜರ್ಮನಿಯ ವಿ-2ರಿಂದ. ಪರದೇಶಿ ಮೂಲ ಎಂಬುದನ್ನು ಬೈಗುಳದಂತೆ ಬಳಸುವವರು ಈ ವಂಶಾವಳಿಯನ್ನು ಒಮ್ಮೆ ನೋಡಬೇಕು. ಕೇಳಬೇಕಾದ ಪ್ರಶ್ನೆ ಬೇರೆ: ಇವತ್ತು ಪೂರೈಕೆ ನಿಂತರೆ ಉತ್ಪಾದನೆ ನಿಲ್ಲುತ್ತದೆಯೇ, ನಿಂತರೆ ಯಾವ ಹಂತದಲ್ಲಿ?

61 ಸೆಂಟಿಮೀಟರಿನ ಸಾಲು

ಈ ಪ್ರಶ್ನೆಗೆ ಉತ್ತರ ಘನ ಇಂಧನದಲ್ಲಿದೆ. ಘನ ಇಂಧನದ ಕ್ಷಿಪಣಿಯನ್ನು ಕಾರ್ಖಾನೆಯಲ್ಲೇ ತುಂಬಿ ವರ್ಷಗಟ್ಟಲೆ ಇಡಬಹುದು. ಲಾರಿ ಗುಹೆಯಿಂದ ಹೊರಬಂದು ಕೆಲವೇ ನಿಮಿಷದಲ್ಲಿ ಹಾರಿಸಿ ಒಳಗೆ ಹೋಗಬಹುದು. ಟ್ಯಾಂಕರುಗಳ ಸಾಲು ಬೇಡ. ಇರಾನ್ ಇದನ್ನು ಶುರು ಮಾಡಿದ್ದು ಮಾರ್ಗದರ್ಶನವಿಲ್ಲದ ದಪ್ಪ ರಾಕೆಟ್‌ಗಳಿಂದ. 1990ರ ದಶಕದ ಜೆಲ್ಜಾಲ್ ರಾಕೆಟ್‌ನ ವ್ಯಾಸ 61 ಸೆಂ.ಮೀ. ಘನ ಇಂಧನ ತಯಾರಿಕೆಗೆ ಬೇಕಾದ ಸೌಕರ್ಯ ಕಟ್ಟುವುದರಲ್ಲಿ ಚೀನಾದ ನೆರವಿತ್ತು. ಆ ರಾಕೆಟ್‌ನ ಮೂತಿಯ ಬಳಿ ತಿರುಗುವ ರೆಕ್ಕೆ, ಒಳಗೆ ಮಾರ್ಗದರ್ಶನ ಪೆಟ್ಟಿಗೆ ಸೇರಿಸಿದಾಗ 2002ರಲ್ಲಿ ಫತೇಹ್-110 ಆಯಿತು. ಮೊದಲಿಗೆ 200 ಕಿ.ಮೀ., ನಂತರ 300. 2015ರ ಫತೇಹ್-313 ಹಗುರವಾದ ಮೈಯಿಂದ 500ಕ್ಕೆ, 2016ರ ತುಸು ದಪ್ಪನೆಯ ಜುಲ್ಫಿಕರ್ 700ಕ್ಕೆ, 2019ರ ದೆಜ್‌ಫುಲ್ 1000ಕ್ಕೆ ಹೋದವು. 2020ರ ಹಾಜ್ ಕಾಸಿಮ್ ಮತ್ತು 2022ರ ಖೈಬರ್ ಶೆಕನ್ 1400 ಕಿ.ಮೀ. ಇಲ್ಲವೇ ತುಸು ಹೆಚ್ಚು ಹಾರುತ್ತವೆ ಎಂದು ಇರಾನ್ ಹೇಳುತ್ತದೆ. ಇಪ್ಪತ್ತು ವರ್ಷದಲ್ಲಿ ಏಳು ಪಟ್ಟು ದೂರ, ಅದೂ ಒಂದೇ ಕವಲಿನಲ್ಲಿ. ಕೊಂಡು ತಂದ ಶಹಾಬ್ ಸಾಲಿನಲ್ಲಿ ಇಂಥ ಏರಿಕೆ ಎಂದೂ ಆಗಲಿಲ್ಲ.

ಗುರಿಯ ನಿಖರತೆಯಲ್ಲೂ ಇದೇ ಸಾಲು ಮುಂದೆ. 2020ರ ಜನವರಿ 8ರಂದು ಅಮೆರಿಕದ ಸೈನಿಕರಿದ್ದ ಇರಾಕಿನ ಐನ್ ಅಲ್-ಅಸದ್ ನೆಲೆಯ ಮೇಲೆ ಬಿದ್ದ ಇರಾನಿನ ಕ್ಷಿಪಣಿಗಳು ನೆಲೆಯ ಒಂದೊಂದೇ ಕಟ್ಟಡವನ್ನು ಆರಿಸಿಕೊಂಡಂತೆ ಹೊಡೆದವು. ಉಪಗ್ರಹ ಚಿತ್ರ ನೋಡಿದವರಿಗೆ ಸ್ಕಡ್ ಯುಗ ಮುಗಿದದ್ದು ಗೊತ್ತಾಯಿತು. ಅಮೆರಿಕದ ನೂರಕ್ಕೂ ಹೆಚ್ಚು ಸೈನಿಕರಿಗೆ ಸ್ಫೋಟದ ಆಘಾತದಿಂದ ಮಿದುಳಿಗೆ ಪೆಟ್ಟಾಯಿತು.

ಆದರೆ ಈ ‘ಸ್ವದೇಶಿ’ ಸಾಲಿಗೂ ಪೇಟೆಯಿಂದ ಏನೇನು ಬೇಕೆಂಬುದನ್ನು ಚೀನಾದ ಡಾಲಿಯನ್‌ನ ವ್ಯಾಪಾರಿ ಲಿ ಫಾಂಗ್‌ವೈ ಮೇಲಿನ ಅಮೆರಿಕದ ಪ್ರಕರಣಗಳು ಬಿಚ್ಚಿಡುತ್ತವೆ. ‘ಕಾರ್ಲ್ ಲೀ’ ಎಂದೇ ಹೆಸರಾದ ಈತನ ಮೇಲೆ 2009ರಲ್ಲಿ ನ್ಯೂಯಾರ್ಕ್‌ನಲ್ಲಿ ದೋಷಾರೋಪವಾಯಿತು. 2014ರಲ್ಲಿ ಅಮೆರಿಕ ಈತನ ತಲೆಗೆ 50 ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಈತನ ಜಾಲದಿಂದ ಇರಾನಿಗೆ ಹೋದವೆಂದು ಆರೋಪಿಸಲಾದ ಸರಕುಗಳಲ್ಲಿ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ, ಗ್ರಾಫೈಟ್, ಟಂಗ್‌ಸ್ಟನ್, ಗೈರೋಸ್ಕೋಪ್‌ಗಳಿವೆ. ಒಂದೊಂದಕ್ಕೂ ಜಾಗವಿದೆ. ಅಲ್ಯೂಮಿನಿಯಂ ಹೊರಮೈಗೆ, ಗ್ರಾಫೈಟ್ ಮತ್ತು ಟಂಗ್‌ಸ್ಟನ್ ಬೆಂಕಿ ಹೊರಬರುವ ಮೂತಿಗೆ ಹಾಗೂ ಅಲ್ಲಿನ ರೆಕ್ಕೆಗಳಿಗೆ, ಗೈರೋಸ್ಕೋಪ್ ದಿಕ್ಕಿಗೆ. ಉಕ್ಕಿನ ಕುಲುಮೆಗೂ ಗ್ರಾಫೈಟ್ ಹೋಗುತ್ತದೆ, ಕ್ಷಿಪಣಿಗೂ ಹೋಗುತ್ತದೆ. ಕಸ್ಟಮ್ಸ್ ಅಧಿಕಾರಿಯ ಮುಂದಿರುವ ಕಾಗದದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಇನ್ನು ಇಂಧನ. ಇವತ್ತಿನ ಘನ ಇಂಧನವೆಂದರೆ ರಬ್ಬರಿನಂಥ ಅಂಟು, ಅಲ್ಯೂಮಿನಿಯಂ ಪುಡಿ, ಉತ್ಕರ್ಷಕವಾಗಿ ಅಮೋನಿಯಂ ಪರ್‌ಕ್ಲೋರೇಟ್. ತೂಕದಲ್ಲಿ ಮುಕ್ಕಾಲು ಪಾಲಿನ ಹತ್ತಿರ ಈ ಕೊನೆಯದೇ. ಇದನ್ನು ಕಲಸುವುದು ಗ್ರಹಚಲನೆಯ ಮಿಶ್ರಣಯಂತ್ರದಲ್ಲಿ. ಅಲಗುಗಳು ತಮ್ಮ ಸುತ್ತಲೂ ತಿರುಗುತ್ತ ಪಾತ್ರೆಯ ಸುತ್ತಲೂ ತಿರುಗುತ್ತವೆ, ಬೇಕರಿಯಲ್ಲಿ ಹಿಟ್ಟು ನಾದುವ ದೊಡ್ಡ ಯಂತ್ರದ್ದೂ ಇದೇ ತತ್ವ. ಇಲ್ಲಿ ಮಾತ್ರ ಕಿಡಿ ಹಾರುವಂತಿಲ್ಲ, ಅಲಗು ಪಾತ್ರೆಗೆ ತಾಗುವಂತಿಲ್ಲ, ಗಾಳಿಗುಳ್ಳೆ ಉಳಿಯುವಂತಿಲ್ಲ, ಯಂತ್ರವನ್ನು ನಡೆಸುವವರು ದೂರದ ಕೋಣೆಯಲ್ಲಿರಬೇಕು. ಕಲಸಿದ್ದನ್ನು ಕ್ಷಿಪಣಿಯ ಹೊಟ್ಟೆಗೆ ಎರೆದು ಗಟ್ಟಿಯಾಗಲು ಬಿಡುತ್ತಾರೆ, ಆಮೇಲೆ ಎಕ್ಸ್-ರೇ. ಒಳಗೆ ಬಿರುಕಿದ್ದರೆ ಉರಿಯುವ ಮೈ ಇದ್ದಕ್ಕಿದ್ದಂತೆ ಹೆಚ್ಚುತ್ತದೆ, ಒತ್ತಡ ಏರುತ್ತದೆ, ಹೊರಕವಚ ಸೀಳುತ್ತದೆ. ಅಂಟು ಗೋಡೆಯಿಂದ ಬಿಟ್ಟುಕೊಂಡಿದ್ದರೆ ಬೆಂಕಿ ಸಂದಿನಲ್ಲಿ ನುಗ್ಗಿ ಗೋಡೆಯನ್ನೇ ಸುಡುತ್ತದೆ. ಗಾತ್ರ ಹೆಚ್ಚಿದಷ್ಟೂ ಈ ಕೇಡುಗಳು ಹೆಚ್ಚು. 125 ಸೆಂ.ಮೀ. ವ್ಯಾಸದ, ಎರಡು ಹಂತದ, 2000 ಕಿ.ಮೀ.ಯ ಸಿಜ್ಜಿಲ್ 2008ರ ನವೆಂಬರ್‌ನಲ್ಲೇ ಹಾರಿದರೂ ಬಹುಕಾಲ ಅಪರೂಪಕ್ಕೆ ಮಾತ್ರ ಕಾಣಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ಕೆಲಸ ಎಷ್ಟು ಅಪಾಯದ್ದೆಂಬುದಕ್ಕೆ ಇರಾನಿನಲ್ಲೇ ನಿದರ್ಶನವಿದೆ. 2011ರ ನವೆಂಬರ್ 12ರಂದು ಟೆಹರಾನ್ ಸಮೀಪದ ಬಿದ್‌ಗನೆಹ್ ನೆಲೆಯಲ್ಲಿ ಆದ ಸ್ಫೋಟದಲ್ಲಿ ಮೊಘದ್ದಮ್ ಸೇರಿ 17 ಮಂದಿ ಸತ್ತರು. ಸಿರಿಯಾಕ್ಕೆ ಹೋಗಿ ಬಂದ ಅದೇ ಮೊಘದ್ದಮ್. ಅವಘಡ ಎಂದಿತು ಇರಾನ್. ಇಸ್ರೇಲಿನ ಕೈವಾಡ ಎಂಬ ಮಾತೂ ಹರಡಿತು. ನೆಲೆ ಮಾತ್ರ ಉಪಗ್ರಹ ಚಿತ್ರದಲ್ಲಿ ನೆಲಸಮವಾಗಿ ಕಂಡಿತು.

ಈಗ ಜಗಳ ಯಂತ್ರ ಮತ್ತು ಉಪ್ಪಿನದು

2024ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು, ಅಕ್ಟೋಬರ್ 1ರಂದು 180ಕ್ಕೂ ಹೆಚ್ಚು ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ಇರಾನ್ ಇಸ್ರೇಲ್ ಮೇಲೆ ಹಾರಿಸಿತು. ಏಪ್ರಿಲ್‌ನಲ್ಲಿ ಹಾರಿಸಿದವುಗಳಲ್ಲಿ ಅರ್ಧದಷ್ಟು ಉಡಾವಣೆಯಲ್ಲೋ ದಾರಿಯಲ್ಲೋ ಕೆಟ್ಟವು ಎಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಅಕ್ಟೋಬರ್ 26ರಂದು ಇಸ್ರೇಲ್ ಕೊಟ್ಟ ಉತ್ತರದಲ್ಲಿ ಗಮನಿಸಬೇಕಾದ್ದು ಗುರಿಗಳ ಆಯ್ಕೆ. ಇರಾನಿನ ಕ್ಷಿಪಣಿ ತಯಾರಿಕಾ ನೆಲೆಗಳಾದ ಪಾರ್ಚಿನ್, ಖೊಜಿರ್, ಶಾಹ್ರೂದ್‌ಗಳಲ್ಲಿ ಅದು ಹೊಡೆದದ್ದು ಕ್ಷಿಪಣಿಗಳ ಗೋದಾಮಿಗಲ್ಲ, ಮಿಶ್ರಣಯಂತ್ರಗಳಿದ್ದ ಕಟ್ಟಡಗಳಿಗೆ. ಸುಮಾರು ಹನ್ನೆರಡು ಯಂತ್ರ ಹೋದವು ಎಂಬ ವರದಿಗಳು ಬಂದವು. ಲೆಕ್ಕಾಚಾರ ಸರಳ: ಗೋದಾಮಿನಲ್ಲಿ ಹತ್ತು ಕ್ಷಿಪಣಿ ಸುಟ್ಟರೆ ಹೋಗುವುದು ಹತ್ತೇ, ಮಿಶ್ರಣಯಂತ್ರ ಹೋದರೆ ಮುಂದೆ ಮಾಡಬೇಕಾದ ನೂರಾರು ಹೋಗುತ್ತವೆ. ಅಂಥ ಯಂತ್ರ ಪೇಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಅದರ ರಫ್ತಿನ ಮೇಲೆ ಕಣ್ಣಿದೆ. ದ್ರವ ಇಂಧನದ ಎಮಾದ್, ಗದ್ರ್‌ಗಳಿಗೆ ಈ ಯಂತ್ರ ಬೇಕಿಲ್ಲ. ಹಳತೆಂದು ಬದಿಗೆ ಸರಿಯುತ್ತಿದ್ದ ನೊಡಾಂಗ್ ವಂಶಕ್ಕೆ ಹೀಗೆ ಮತ್ತೆ ಬೆಲೆ ಬಂತು.

ಯಂತ್ರದ ನಂತರ ಉಪ್ಪು. 2025ರ ಆರಂಭದಲ್ಲಿ ‘ಗೋಲ್ಬನ್’, ‘ಜೈರಾನ್’ ಎಂಬ ಇರಾನಿ ಹಡಗುಗಳು ಚೀನಾದಿಂದ ಸುಮಾರು 1000 ಟನ್ ಸೋಡಿಯಂ ಪರ್‌ಕ್ಲೋರೇಟ್ ತರುತ್ತಿವೆ ಎಂಬ ಸುದ್ದಿ ಹೊರಬಂತು. ಅಮೋನಿಯಂ ಪರ್‌ಕ್ಲೋರೇಟಿಗೆ ಇದೇ ಕಚ್ಚಾವಸ್ತು, ರಸಾಯನಶಾಸ್ತ್ರದ ಲೆಕ್ಕದಲ್ಲಿ ಎರಡೂ ಉಪ್ಪು, ಅಂದರೆ ಲವಣ. ಅಣುತೂಕದ ಲೆಕ್ಕ ಹಾಕಿದರೆ 1000 ಟನ್ನಿನಿಂದ ಹೆಚ್ಚೆಂದರೆ 960 ಟನ್ ಅಮೋನಿಯಂ ಪರ್‌ಕ್ಲೋರೇಟ್, ಅಂದರೆ ಸುಮಾರು 1300 ಟನ್ ಇಂಧನ. ಖೈಬರ್ ಶೆಕನ್‌ನಂಥ ಮಧ್ಯಮ ದೂರದ 260 ಕ್ಷಿಪಣಿಗಳಿಗೆ ಸಾಕು ಎಂದು ಅಂದಾಜಿಸಲಾಯಿತು. ಇದು ಕಾಗದದ ಲೆಕ್ಕ. ಪರಿವರ್ತನೆಯಲ್ಲಿ, ಶುದ್ಧೀಕರಣದಲ್ಲಿ, ಕಲಸುವಾಗ ಎಷ್ಟೋ ಕಳೆದುಹೋಗುತ್ತದೆ. ಮೇಲಾಗಿ ಯಂತ್ರವಿಲ್ಲದೆ ಉಪ್ಪೊಂದೇ ಇದ್ದು ಏನೂ ಆಗುವುದಿಲ್ಲ. ಆದರೂ ಸಾವಿರ ಟನ್ ತರಿಸುವವನ ಉದ್ದೇಶದ ಬಗ್ಗೆ ಅನುಮಾನ ಉಳಿಯುವುದಿಲ್ಲ.

2025ರ ಏಪ್ರಿಲ್ 26ರಂದು ಬಂದರ್ ಅಬ್ಬಾಸ್‌ನ ಶಹೀದ್ ರಜಾಯಿ ಬಂದರಿನಲ್ಲಿ ಭಾರೀ ಸ್ಫೋಟವಾಗಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು, ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಕ್ಷಿಪಣಿ ಇಂಧನದ ಸರಕನ್ನು ಸರಿಯಾಗಿ ಇಡದಿದ್ದದ್ದೇ ಕಾರಣ ಎಂದು ಹಡಗು ಭದ್ರತಾ ಸಂಸ್ಥೆಯೊಂದು ಹೇಳಿತು, ಸೇನಾ ಸರಕು ಅಲ್ಲಿರಲಿಲ್ಲ ಎಂದಿತು ಇರಾನ್. ಪರ್‌ಕ್ಲೋರೇಟುಗಳು ತಾವಾಗಿ ಉರಿಯುವುದಕ್ಕಿಂತ ಬೇರೆಯದನ್ನು ಉರಿಸುವುದರಲ್ಲಿ ನಿಸ್ಸೀಮ. ಬೆಂಕಿಗೆ ಬೇಕಾದ ಆಮ್ಲಜನಕ ಅವುಗಳಲ್ಲೇ ಇದೆ, ಹಾಗಾಗಿ ಪಕ್ಕದಲ್ಲಿ ಎಣ್ಣೆಯೋ ಮರವೋ ಪ್ಲಾಸ್ಟಿಕ್ಕೋ ಇದ್ದರೆ ಸಣ್ಣ ಬೆಂಕಿಯೂ ನಿಯಂತ್ರಣ ತಪ್ಪುತ್ತದೆ. ಸಾವಿರಾರು ಕಂಟೇನರು ಒತ್ತೊತ್ತಾಗಿ ನಿಂತ ಬಂದರು ಇಂಥ ಸರಕಿಗೆ ತಕ್ಕ ಜಾಗವಲ್ಲ.

ಜೂನ್‌ನ ಇಸ್ರೇಲ್ ಜೊತೆಗಿನ ಹನ್ನೆರಡು ದಿನದ ಯುದ್ಧದಲ್ಲಿ ಇರಾನ್ 500ಕ್ಕೂ ಹೆಚ್ಚು ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನು ಖರ್ಚು ಮಾಡಿತು. ಕ್ಷಿಪಣಿ ದಳವನ್ನು ನಡೆಸುತ್ತಿದ್ದ ಅಮೀರ್ ಅಲಿ ಹಾಜಿಜಾದೆ ಮೊದಲ ದಿನವೇ ಸತ್ತರು, ಉಡಾವಣಾ ಲಾರಿಗಳೂ ಕಾರ್ಖಾನೆಗಳೂ ಮತ್ತೆ ಪೆಟ್ಟು ತಿಂದವು. ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳೆಲ್ಲ ಮರಳಿ ಬಂದವು. ಅದೇ ಹೊತ್ತಿನಲ್ಲಿ ಚೀನಾದಿಂದ ಬಂದರ್ ಅಬ್ಬಾಸ್‌ಗೆ ಇನ್ನೂ 2000 ಟನ್ ಸೋಡಿಯಂ ಪರ್‌ಕ್ಲೋರೇಟ್ ಬಂದಿದೆ ಎಂಬ ವರದಿ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಇಲ್ಲೊಂದು ಕಂಡಿಯಿದೆ. ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಅಮೋನಿಯಂ ಪರ್‌ಕ್ಲೋರೇಟ್ ಹೆಸರು ಹಿಡಿದು ಇದೆ, ಅದಕ್ಕೆ ಒಂದೇ ಹೆಜ್ಜೆ ಹಿಂದಿರುವ ಸೋಡಿಯಂ ಪರ್‌ಕ್ಲೋರೇಟ್ ಹಾಗೆ ಹೆಸರಾಗಿಲ್ಲ. 1987ರಲ್ಲಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಒಪ್ಪಂದ ಬಂದಾಗ 300 ಕಿ.ಮೀ. ದೂರ, 500 ಕೆ.ಜಿ. ಹೊರೆ ಎಂಬ ಗೆರೆ ಎಳೆದದ್ದು ಇಡೀ ಕ್ಷಿಪಣಿಗಳು ಕೈಬದಲಾಗುತ್ತಿದ್ದ ಕಾಲದಲ್ಲಿ. ಇವತ್ತಿನ ವ್ಯಾಪಾರ ಆ ಗೆರೆಯ ಕೆಳಗೆ, ಚೀಲಗಳಲ್ಲಿ ನಡೆಯುತ್ತದೆ.

ಈ ಸರಪಳಿಯಲ್ಲಿ ಇರಾನ್ ಈಗ ಕೊಳ್ಳುವ ತುದಿಯಲ್ಲಷ್ಟೇ ಇಲ್ಲ. 2017ರ ನವೆಂಬರ್ 4ರಂದು ಯೆಮನ್‌ನ ಹೂತಿ ಬಂಡುಕೋರರು ಸೌದಿ ರಾಜಧಾನಿ ರಿಯಾದ್‌ನ ವಿಮಾನ ನಿಲ್ದಾಣದತ್ತ ಹಾರಿಸಿದ ಕ್ಷಿಪಣಿಯ ಅವಶೇಷಗಳನ್ನು ವಿಶ್ವಸಂಸ್ಥೆಯ ತಜ್ಞರು ಪರಿಶೀಲಿಸಿದರು. 88 ಸೆಂ.ಮೀ. ವ್ಯಾಸ, ಬಾಲದಲ್ಲಿ ರೆಕ್ಕೆಗಳಿಲ್ಲ: ಇದು ಇರಾನಿನ ಕಿಯಾಮ್‌ನ ಗುರುತು. ಒಂದು ಬಿಡಿಭಾಗದ ಮೇಲೆ ಇರಾನಿನ ಶಹೀದ್ ಬಾಘೆರಿ ಉದ್ಯಮ ಸಮೂಹದ ಲಾಂಛನವನ್ನು ಹೋಲುವ ಅಚ್ಚೂ ಇತ್ತು. ಸೋವಿಯತ್ ಅಳತೆಯ ಕ್ಷಿಪಣಿ ಈಜಿಪ್ಟ್, ಕೊರಿಯಾ, ಇರಾನ್ ದಾಟಿ ಯೆಮನ್ ತಲುಪಿತ್ತು, ಅಲ್ಲಿ ಅದಕ್ಕೆ ಬುರ್ಕಾನ್ ಎಂದು ಇನ್ನೊಂದು ಹೆಸರು.

ಹಾಗಾಗಿ ಇರಾನ್ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆಂದು ತಿಳಿಯಬೇಕಾದವರು ಮೆರವಣಿಗೆಯ ಹೊಸ ಹೆಸರುಗಳನ್ನು ಎಣಿಸುತ್ತ ಕೂರುವುದಿಲ್ಲ. ಪಾರ್ಚಿನ್ ಮತ್ತು ಶಾಹ್ರೂದ್‌ನ ಉಪಗ್ರಹ ಚಿತ್ರಗಳಲ್ಲಿ ಕೆಡವಿದ್ದ ಕಟ್ಟಡಗಳು ಮತ್ತೆ ಎದ್ದಿರುವುದು 2025ರ ಸೆಪ್ಟೆಂಬರ್ ಹೊತ್ತಿಗೆ ಕಂಡಿತ್ತು. ಗೋಡೆ ಕಟ್ಟುವುದು ಸುಲಭ, ಮಣ್ಣಿನ ದಿಬ್ಬ ಏರಿಸುವುದು ಇನ್ನೂ ಸುಲಭ. ಅದೇ ಹೊತ್ತಿನ ವರದಿಗಳ ಪ್ರಕಾರ ಕಟ್ಟಡಗಳೊಳಗೆ ಕೂರಿಸಬೇಕಾದ ಮಿಶ್ರಣಯಂತ್ರಗಳು ಇನ್ನೂ ಬಂದಿರಲಿಲ್ಲ. ಇರಾನ್ ಅವನ್ನು ತಾನೇ ಮಾಡಿಕೊಳ್ಳಬೇಕು, ಇಲ್ಲವೇ ಚೀನಾದಿಂದ ತರಿಸಿಕೊಳ್ಳಬೇಕು. ತರಿಸುವುದಾದರೆ ಅವು ಇಡಿಯಾಗಿ ಬರುವ ಸಂಭವ ಕಡಿಮೆ: ಪಾತ್ರೆ ಒಂದು ಹಡಗಿನಲ್ಲಿ, ಅಲಗು ಇನ್ನೊಂದರಲ್ಲಿ, ಗೇರ್‌ಪೆಟ್ಟಿಗೆ ಮೂರನೆಯದರಲ್ಲಿ, ಕಾಗದದ ಮೇಲೆ ಬಣ್ಣದ ಕಾರ್ಖಾನೆಯದೋ ಔಷಧ ಕಾರ್ಖಾನೆಯದೋ ಹೆಸರಿನಲ್ಲಿ.